ಎರಡನೇ ಬ್ರೇಕು

ಎಡಗಾಲು ಮಲಗಿದೆ, ಸದ್ಯ, ಓರಿನ್‌ನ ಎಡಗಾಲು ಚಾಪೆಯ ಮೂಲೆಯಲ್ಲಿ ಒಳ್ಳೆಯ ಮಗುವಿನ ಹಾಗೆ ಮಲಗಿದೆ, ಬೂಟಿನ ತುದಿಯಲ್ಲಿ ಉಪ್ಪಿನ ಬಿಳಿ ಗೆರೆ, ಹೋದ ಚಳಿಗಾಲ ಹಿಮ ಕರಗಲೆಂದು ರಸ್ತೆಗೆ ಸುರಿದದ್ದು, ಒರೆಸು ಅಂದರೆ ಒರೆಸುವ ಜಾತಿಯಲ್ಲ ಅವನು — ಆರ್ಲಿಸ್ ಪಕ್ಕದ ಸೀಟಿನಿಂದ ಅದನ್ನೇ ನೋಡುತ್ತಿದ್ದಾಳೆ, ಇಪ್ಪತ್ತೆರಡು ವರ್ಷ ಕಾರು ಕಲಿಸಿದವಳು ಜನರ ಮುಖಕ್ಕಿಂತ ಕಾಲು ನೋಡಿದ್ದೇ ಹೆಚ್ಚು. ಆಟೊಮ್ಯಾಟಿಕ್ ಕಾರಿನಲ್ಲಿ ಎಡಗಾಲು ಅಂದರೆ ಮಾವನ ಮನೆಗೆ ಬಂದ ಅಳಿಯ, ಸುಮ್ಮನೆ ಕೂತಿರಬೇಕು, ಕೆಲಸಕ್ಕೆ ಕೈ ಹಾಕಿದರೆ ಕೆಟ್ಟಿತು — ಎಷ್ಟು ಸಾವಿರ ಸಲ ಹೇಳಿದ್ದಾಳೋ, ಹದಿನಾರು ತುಂಬಿದ ಹುಡುಗಿಯರಿಗೆ, ಗಂಡ ಸತ್ತ ಮೇಲೆ ಮೊದಲ ಸಲ ಸ್ಟಿಯರಿಂಗ್ ಹಿಡಿದ ಹೆಂಗಸರಿಗೆ, ಹೇಳಿ ಹೇಳಿ ಬಾಯಿ ಸವೆದಿದೆ, ಈಗ ಗಂಡನಿಗೆ ಹೇಳುವಾಗ ಅರ್ಧಕ್ಕೇ ನಿಲ್ಲಿಸಿಬಿಡುತ್ತಾಳೆ. ಇವತ್ತು ಬೆಳಿಗ್ಗೆಯಿಂದ ಮೂರು ಪಾಠ ಮುಗಿಸಿದ್ದಾಳೆ, ಸೊಂಟ ಹಿಡಿದಿದೆ, ಮನೆಗೆ ಹೋಗಿ ಒರಗಿದರೆ ಸಾಕಾಗಿದೆ. ಆದರೆ ಇವತ್ತು ನೋಡಬೇಕಾದದ್ದು ಅವನ ಎಡಗಾಲನ್ನಲ್ಲ, ಬಲಗಾಲನ್ನು.

ಬಲಗಾಲು, ಸಕ್ಕರೆ ಕಾಯಿಲೆ ತಿಂದ ಕಾಲು, ಹೋದ ಫೆಬ್ರುವರಿಯಲ್ಲಿ ಊರಾಚೆಯ ಹೆಪ್ಪುಗಟ್ಟಿದ ಸರೋವರವೊಂದರ ಮೇಲೆ ಅವನು ಮೀನು ಹಿಡಿಯುವ ಗುಡಿಸಲಿನಲ್ಲಿ ಹೀಟರಿಗೆ ತಾಗಿಸಿಕೊಂಡು ಕೂತಿದ್ದ, ಏನೋ ಸೀದ ವಾಸನೆ ಎಂದಳು ಇವಳು, ನಿನ್ನ ಅಡುಗೆ ಇರಬೇಕು ಎಂದ ಅವನು, ನಕ್ಕ, ನೋಡಿದರೆ ಕಾಲುಚೀಲ ಕರಕಲಾಗಿ ಚರ್ಮಕ್ಕೆ ಅಂಟಿತ್ತು, ಆಗಲೂ ಅವನಿಗೆ ನೋವಿಲ್ಲ, ಅಯ್ಯೋ ಜೋಮು ಹಿಡಿದಿದೆ ಕಣೇ ಅಷ್ಟೆ, ಅಂದ. ಜೋಮಂತೆ. ಡಾಕ್ಟರು ಲೈಸೆನ್ಸ್ ಆಫೀಸಿಗೆ ಕಾಗದ ಬರೆದರು, ಮಂಗಳವಾರ ಪರೀಕ್ಷೆ, ಅದಕ್ಕೇ ಬೆಳಿಗ್ಗೆ ಓಟ್ಸ್ ಗಂಜಿಯ ಬಟ್ಟಲು ಸರಿಸಿ ಅವನು ಅಂದದ್ದು — ಅವರು ಏನಾದ್ರೂ ಹೇಳ್ಕೊಳ್ಳಲಿ, ನಂಗೆ ನಿನ್ನ ಮಾತು ಬೇಕು, ನಿನ್ನ ಸ್ಕೂಲಿನ ಕಾರಲ್ಲಿ ಒಂದು ಸುತ್ತು ಕರ್ಕೊಂಡು ಹೋಗು, ನೀನು ಸರಿ ಅಂದ್ರೆ ಮಂಗಳವಾರ ಹೋಗ್ತೀನಿ, ಬೇಡ ಅಂದ್ರೆ ಇವತ್ತೇ ನನ್ನ ಕಾರಿನ ಕೀ ನಿನ್ನ ಕೈಗೆ, ತುಟಿಪಿಟಕ್ ಅನ್ನಲ್ಲ. ಇಪ್ಪತ್ತೇಳು ವರ್ಷ ಈ ಊರಿನ ಹಿಮ ತಳ್ಳುವ ಲಾರಿ ಓಡಿಸಿದವನು, ಕಾರಿಲ್ಲದೆ ಆ ಗುಡಿಸಲಿಗೆ ನಲವತ್ತು ಮೈಲಿ ನಡೆದು ಹೋಗುವನೇ, ಚಳಿಗಾಲವಿಡೀ ಕಿಟಕಿಯ ಹತ್ತಿರ ಕೂತು ಬೇರೆಯವರ ಹಿಮದ ಲಾರಿ ಲೆಕ್ಕ ಹಾಕುತ್ತಾನೆ, ಅದನ್ನು ನೋಡುವವಳು ಯಾರು, ಇವಳೇ. ಇಲ್ಲ ಎನ್ನುವ ಕೆಲಸವನ್ನು ಇವಳ ತಲೆಗೇ ಕಟ್ಟಿ ಶಿಳ್ಳೆ ಹಾಕುತ್ತಾ ಕೂತಿದ್ದಾನೆ. ಕೋಪ ಬರಬೇಕು, ಬರುತ್ತಿಲ್ಲ, ಅದಕ್ಕೂ ಶಕ್ತಿ ಬೇಕಲ್ಲ.

ಇಳಿಜಾರು ಶುರುವಾಯಿತು, ಈ ಡುಲೂತ್ ಊರಿನಲ್ಲಿ ಎಲ್ಲ ರಸ್ತೆಯೂ ಕೊನೆಗೆ ಸರೋವರಕ್ಕೇ ಉರುಳುತ್ತದೆ, ಕೆಳಗೆ ನೀರು ಪಾತ್ರೆ ತೊಳೆದ ನೀರಿನ ಬಣ್ಣಕ್ಕೆ ತಿರುಗಿದೆ, ನವೆಂಬರ್ — ಅವನು ಹೇಳದೆಯೇ ಗೇರಿನ ಹಿಡಿಯನ್ನು ಒಂದು ಮೆಟ್ಟಿಲು ಕೆಳಕ್ಕೆ ಎಳೆದ, ಎಂಜಿನ್ ಗುರ್ ಎಂದು ಕಾರನ್ನು ಹಿಡಿದುಕೊಂಡಿತು, ಇಳಿಜಾರಲ್ಲಿ ಬ್ರೇಕಿನ ಮೇಲೆ ಕೂರಬಾರದು, ನ್ಯೂಟ್ರಲ್ ಅಂತೂ ಕನಸಲ್ಲೂ ಬೇಡ, ನೋಡ್ದ್ಯಾ ಮೇಷ್ಟ್ರಮ್ಮ, ಎಂದ, ನೋಡಿದೆ ನೋಡಿದೆ, ರಸ್ತೆ ನೋಡು ಮಾರಾಯ, ಎಂದಳು. ಕೈ ಚೆನ್ನಾಗಿದೆ, ಕಣ್ಣು ಚೆನ್ನಾಗಿದೆ, ಕನ್ನಡಿ ನೋಡುತ್ತಾನೆ, ಸರಿ ಎಂದುಬಿಡಲೇ. ಕೆಂಪು ದೀಪ ಬಂತು, ಕಾರು ನಿಂತಿತು. ನಿಲ್ಲಿಸಿದ್ದು ಯಾರು? ಅವಳ ಕಾಲ ಕೆಳಗೆ ಎರಡನೇ ಬ್ರೇಕಿದೆ, ಕಲಿಸುವವರ ಬ್ರೇಕು, ರಬ್ಬರು ಸವೆದು ನುಣ್ಣಗಾಗಿ ಹೊಳೆಯುವ ಬ್ರೇಕು, ಕೆಂಪು ಕಂಡರೆ ಅವಳ ಕಾಲು ಕೇಳದೆಯೇ ಹೋಗಿ ಅದರ ಮೇಲೆ ಕೂರುತ್ತದೆ, ಇವಳು ಒತ್ತಿದರೆ ಅವನ ಕಡೆಯ ಬ್ರೇಕೂ ತಾನಾಗಿ ತಗ್ಗುತ್ತದೆ, ಹುಡುಗರು ತಕ್ಷಣ ಕಂಡುಹಿಡಿಯುತ್ತಾರೆ, ಮಿಸೆಸ್ ಬ್ರೆಕ್ಕೆ, ನೀವೇ ಒತ್ತಿದ್ದು, ಮೋಸ, ಎಂದು ಕೂಗುತ್ತಾರೆ — ಬ್ರೆಕ್ಕೆ ಅಂದರೆ ಓರಿನ್‌ನ ಅಜ್ಜನ ನಾರ್ವೆ ಭಾಷೆಯಲ್ಲಿ ಕಡಿದಾದ ಏರು, ಈ ಊರಿಗೆ ಒಪ್ಪುವ ಹೆಸರು, ಹುಡುಗರ ಬಾಯಲ್ಲಿ ಮಿಸೆಸ್ ಬ್ರೇಕು. ಮದುವೆಯಾಗಿ ಆ ಹೆಸರು ತಗಲಿಕೊಂಡದ್ದಕ್ಕೇ ಈ ಕೆಲಸ ಸಿಕ್ಕಿತು ಎಂದು ಓರಿನ್ ಎಲ್ಲರೆದುರೂ ಗೇಲಿ ಮಾಡುತ್ತಾನೆ. ಅವನು ಏನೂ ಕೂಗಲಿಲ್ಲ. ನಿಂತದ್ದು ತನ್ನಿಂದಲೇ ಎಂದುಕೊಂಡು ದೀಪ ನೋಡುತ್ತಿದ್ದಾನೆ.

ಹಾಗಾದರೆ ಒಂದು ಸಲ ಬಿಟ್ಟು ನೋಡಬೇಕು, ಕಾಲನ್ನು ಸೀಟಿನ ಕೆಳಗೆ ಎಳೆದುಕೊಂಡಳು, ಪಾದದ ಮೇಲೆ ಪಾದ ಕಟ್ಟಿಕೊಂಡಳು, ಅಂಗಡಿಯ ಮುಂದೆ ಜನ ರಸ್ತೆ ದಾಟುವ ಪಟ್ಟೆ ಹತ್ತಿರ ಬರುತ್ತಿದೆ, ಟೋಪಿ ಹಾಕಿದ ಮುದುಕಿಯೊಬ್ಬಳು ಆಲೂಗಡ್ಡೆಯ ಚೀಲವಿಟ್ಟ ಗಾಡಿ ತಳ್ಳಿಕೊಂಡು ದಾಟುತ್ತಿದ್ದಾಳೆ, ಓರಿನ್ ಆಗಲೇ ಆಕ್ಸಿಲರೇಟರಿನಿಂದ ಕಾಲೆತ್ತಿದ, ಸರಿ, ನಿಧಾನವಾಯಿತು, ಸರಿ, ಈಗ ಬ್ರೇಕು — ಕಾಲನ್ನು ಒತ್ತಿದ, ಮೊಣಕಾಲು ತಗ್ಗಿತು, ಬೂಟು ಮಾತ್ರ ಬ್ರೇಕಿನ ಅಂಚಿಗೆ ತಾಗಿ ಜಾರಿ ಪಕ್ಕದ ಬರಿ ಚಾಪೆಯ ಮೇಲೆ ಕೂತಿದೆ, ಅವನು ಚಾಪೆಯನ್ನೇ ಭದ್ರವಾಗಿ ಒತ್ತಿ ನಿಶ್ಚಿಂತೆಯಿಂದ ಕೂತಿದ್ದಾನೆ, ಕಾರು ತೆವಳುತ್ತಿದೆ, ಆಟೊಮ್ಯಾಟಿಕ್ ಕಾರಿನ ಬುದ್ಧಿಯೇ ಅಷ್ಟು, ಯಾರೂ ಏನೂ ಒತ್ತದಿದ್ದರೂ ಮುಂದಕ್ಕೆ ತೆವಳುತ್ತದೆ, ಮೊದಲ ಪಾಠದಲ್ಲೇ ಹೇಳುತ್ತಾಳೆ, ಇದು ನಿಂತಿದೆ ಅಂತ ನಂಬಬೇಡಿ, ನೀವು ಹಿಡಿದಿದ್ದೀರಿ ಅಷ್ಟೆ — ಮುದುಕಿ ತಲೆಯೆತ್ತಿದಳು, ಹತ್ತು ಅಡಿ, ಆರು ಅಡಿ, ಓರಿನ್ ಅವಳಿಗೆ ಹೋಗಿ ಹೋಗಿ ಎಂದು ಮರ್ಯಾದೆಯಿಂದ ಕೈ ಬೀಸುತ್ತಿದ್ದಾನೆ, ಆರ್ಲಿಸಳ ಕಾಲು ಕಟ್ಟು ಬಿಚ್ಚಿಕೊಂಡು ಹಾರಿ ಎರಡನೇ ಬ್ರೇಕನ್ನು ತುಳಿಯಿತು. ಕಾರು ನಿಂತಿತು. ಬೆಣ್ಣೆಯ ಹಾಗೆ ನಿಲ್ಸಿದೆ ನೋಡು, ಎಂದ ಓರಿನ್. ಹೂಂ, ಎಂದಳು. ಆ ಹೂಂ ಯಾಕೆ ಬಂತೋ, ಮೂವತ್ತನಾಲ್ಕು ವರ್ಷದ ಹೂಂ, ಅವನು ಕುಡಿದು ಬಂದ ವರ್ಷಗಳಲ್ಲಿ ಅವನ ಮೇಲಧಿಕಾರಿಗೆ ಫೋನ್ ಮಾಡಿ ಜ್ವರ ಎಂದವಳು ಇವಳು, ಅವನ ತಮ್ಮನ ಜಗಳ ಬಿಡಿಸಿದವಳು ಇವಳು, ಸಕ್ಕರೆಯ ಡಬ್ಬ ಬಚ್ಚಿಟ್ಟವಳು, ಪ್ರತಿ ಸಲವೂ ಅವನು ನೋಡು ಹೇಗೆ ನಿಭಾಯಿಸಿದೆ ಎಂದಿದ್ದಾನೆ, ಪ್ರತಿ ಸಲವೂ ಇವಳು ಹೂಂ. ಮುದುಕಿ ದಾಟಿ ಹೋದಳು.

ಮನೆಯ ಏರು. ಬಾಗಿಲ ಮುಂದೆ ಕಾರು ನಿಂತಿತು, ಅವಳ ಕಾಲು ಎರಡನೇ ಬ್ರೇಕಿನ ಮೇಲೇ ಇದೆ, ಅವನು ಇಲ್ಲಿ ಇಳಿಯಬೇಕು, ಅವಳು ಕಾರನ್ನು ಸ್ಕೂಲಿಗೆ ಬಿಟ್ಟು ಬರಬೇಕು, ಅದಕ್ಕೇ ಎಂಜಿನ್ ಓಡುತ್ತಿರಲಿ ಎಂದ — ಹ್ಯಾಂಡ್ ಬ್ರೇಕ್, ಎಂದಳು, ಮೊದಲು ಹ್ಯಾಂಡ್ ಬ್ರೇಕ್, ಆಮೇಲೆ ಪಿ, ಪಾರ್ಕಿಂಗಿನ ಪಿ, ಇಲ್ಲದಿದ್ದರೆ ಇಡೀ ಕಾರಿನ ಭಾರ ಗೇರ್ ಪೆಟ್ಟಿಗೆಯೊಳಗಿನ ಬೆರಳುದ್ದದ ಕಬ್ಬಿಣದ ಮೇಲೆ ಬೀಳುತ್ತದೆ, ಹುಚ್ಚಿ, ಎಂದ ಅವನು, ಈ ಊರಲ್ಲಿ ಯಾರು ಎಳೀತಾರೆ ಹ್ಯಾಂಡ್ ಬ್ರೇಕು, ಉಪ್ಪಿಗೆ ತಂತಿ ತುಕ್ಕು ಹಿಡಿದು ಹೆಪ್ಪುಗಟ್ಟಿದ್ರೆ ವಸಂತ ಬರೋವರೆಗೂ ಕಾರು ಅಲ್ಲೇ — ಅವನಪ್ಪ ಹೇಳಿದ್ದು, ಅಪ್ಪನಪ್ಪ ಹೇಳಿದ್ದು, ಇಡೀ ಊರು ಹೇಳುವುದು, ಅವರ ಸ್ವಂತ ಕಾರು ಪ್ರತಿ ಬೆಳಿಗ್ಗೆ ಪಿ-ಯಿಂದ ಬಿಡಿಸಿಕೊಳ್ಳುವಾಗ ಟಕ್ ಎಂದು ಒದ್ದುಕೊಳ್ಳುತ್ತಿತ್ತು, ಹಾಸಿಗೆಯಲ್ಲಿದ್ದು ಆ ಟಕ್ ಕೇಳಿಯೇ ಅವನು ಹೊರಟ ಎಂದು ತಿಳಿಯುತ್ತಿದ್ದಳು. ಗೇರಿನ ಹಿಡಿಯನ್ನು ಮುಂದಕ್ಕೆ ದೂಡಿದ, ಪೂರ್ತಿ ಹೋಗಲಿಲ್ಲ, ನೋಡಲೂ ಇಲ್ಲ, ಬಾಗಿಲು ತೆಗೆದು ಇಳಿದ, ಹಳೆಯ ಕಾರು ಎಚ್ಚರಿಕೆಗೆ ಕುಂಯ್ ಕುಂಯ್ ಎಂದಿತು, ಅದಕ್ಕೆ ಯಾರು ಕಿವಿಗೊಡುತ್ತಾರೆ. ಬಾಗಿಲು ಬಿತ್ತು. ಗೇರಿನ ಹಿಡಿ ಆರ್-ನಲ್ಲಿ ನಿಂತಿದೆ. ಆರ್, ಹಿಂದಕ್ಕೆ.

ಹಿಂದೆ ಅವನಿದ್ದಾನೆ. ಲಾರಿಯವರ ಅಭ್ಯಾಸ, ಇಳಿದ ಮೇಲೆ ಹಿಂದಿನಿಂದ ಸುತ್ತು ಹಾಕಿ ಚಕ್ರಗಳನ್ನು ಬೂಟಿನಿಂದ ತಟ್ಟುವುದು, ಕನ್ನಡಿಯಲ್ಲಿ ಅವನ ಟೋಪಿ, ಹಿಂದಕ್ಕೆ ಹೋಗುವಾಗ ಮಾತ್ರ ಹತ್ತುವ ಬಿಳಿ ದೀಪ ಅವನ ಪ್ಯಾಂಟಿನ ಮೇಲೆ ಬಿದ್ದಿದೆ, ಇನ್ನೂ ಹಗಲಿದೆ, ಅವನಿಗೆ ಕಾಣುತ್ತಿಲ್ಲ, ತಟ್ಟಿದ, ತಾಗಿದ್ದು ತನಗೇ ತಿಳಿಯದ ಕಾಲಿನಿಂದ ಚಕ್ರ ತಟ್ಟಿದ, ಆ ಸದ್ದು ಸೀಟಿನ ಮೂಲಕ ಇವಳ ಬೆನ್ನಿಗೆ ತಾಗಿತು — ಮನೆಯ ಏರು, ಆರ್-ನಲ್ಲಿರುವ ಕಾರು, ಹಿಂದೆ ಬಗ್ಗಿದ ಗಂಡ, ಇವುಗಳ ನಡುವೆ ಇರುವುದು ಅವಳ ಒಂದು ಕಾಲು. ಕೂಗಿದರೆ ಅವನು ಅಲ್ಲೇ ನಿಂತು ಏನು ಎಂದು ಕೇಳುವ ಆಸಾಮಿ. ಕೈ ಚಾಚಿ ಹ್ಯಾಂಡ್ ಬ್ರೇಕನ್ನು ಮೇಲಕ್ಕೆಳೆದಳು, ಕಟ ಕಟ ಕಟ, ತುಕ್ಕು ಹಿಡಿದರೆ ಹಿಡಿಯಲಿ. ಇನ್ನು ಗೇರಿನ ಹಿಡಿಯನ್ನು ಪಿ-ಗೆ ಹಾಕಿಬಿಡುವುದು, ಒಂದು ಕ್ಷಣದ ಕೆಲಸ, ಯಾರಿಗೂ ಗೊತ್ತಾಗುವುದಿಲ್ಲ, ಬಂದು ಕೇಳುತ್ತಾನೆ, ಹೂಂ ಎಂದರಾಯಿತು, ಮಂಗಳವಾರ ಬೇರೆಯವರು ಇಲ್ಲ ಎನ್ನಲಿ — ಬೇರೆಯವರು ಸರಿ ಎಂದುಬಿಟ್ಟರೆ? ಆ ಮುದುಕಿಯ ಮುಖ ನೆನಪಿಗೆ ಬಂತು, ಟೋಪಿಯ ಕೆಳಗಿನ ಆ ಎರಡು ಕಣ್ಣು. ಕೈ ಗೇರಿನ ಹಿಡಿಯವರೆಗೆ ಹೋಗಿ ಹಿಂದಕ್ಕೆ ಬಂತು. ಇದ್ದದ್ದು ಇದ್ದ ಹಾಗೇ ಇರಲಿ.

ಅವನು ಅವಳ ಕಡೆಯ ಕಿಟಕಿಗೆ ಬಂದು ಬೆರಳಿನಿಂದ ತಟ್ಟಿದ, ಗಾಜು ಇಳಿಸಿದಳು, ಮುಖ ಚಳಿಗೆ ಕೆಂಪಾಗಿದೆ, ಹಬ್ಬದ ದಿನದ ಮುಖ, ಹೇಳು ಮಿಸೆಸ್ ಬ್ರೇಕು, ಪಾಸಾ, ಫೇಲಾ, ಎಂದ. ಒಳಗೆ ಬಗ್ಗಿ ನೋಡು, ಓರಿನ್, ಎಂದಳು. ಅವನು ನಗುತ್ತಲೇ ಬಗ್ಗಿದ, ಗೇರಿನ ಹಿಡಿ ನೋಡಿದ, ಆರ್, ಮೇಲೆದ್ದ ಹ್ಯಾಂಡ್ ಬ್ರೇಕ್ ನೋಡಿದ, ತಿರುಗಿ ತಾನು ಬಂದ ದಾರಿಯನ್ನು, ಕಾರಿನ ಹಿಂಭಾಗವನ್ನು ನೋಡಿದ, ಮತ್ತೆ ಬಗ್ಗಿ ಕೆಳಗೆ, ಅವಳ ಕಾಲನ್ನು. ಎಷ್ಟು ಹೊತ್ತಿಂದ ಒತ್ಕೊಂಡಿದ್ದೀಯ, ಎಂದ, ದನಿ ಸಣ್ಣದಾಗಿತ್ತು. ಅವನ ಕೈ ಜೇಬಿಗೆ ಹೋಯಿತು, ಒಳಗೆ ಅವನ ಸ್ವಂತ ಕಾರಿನ ಕೀ ಗೊಂಚಲು ಸದ್ದು ಮಾಡಿತು. ಎಷ್ಟು ಹೊತ್ತಿಂದ, ಮುದುಕಿ ದಾಟಿದಾಗಿನಿಂದ ಎನ್ನಲೇ, ಕೆಂಪು ದೀಪದಿಂದ ಎನ್ನಲೇ, ಕರಕಲಾದ ಕಾಲುಚೀಲದಿಂದ, ಜ್ವರ ಎಂದು ಫೋನ್ ಮಾಡಿದ ಬೆಳಿಗ್ಗೆಗಳಿಂದ, ಅದಕ್ಕೂ ಹಿಂದಿನಿಂದ, ಅದಕ್ಕೂ ಹಿಂದೆ ಏನಿತ್ತು — ಹ್ಯಾಂಡ್ ಬ್ರೇಕ್ ಹಿಡಿದುಕೊಂಡಿದೆ, ಇನ್ನು ಕಾಲೆತ್ತಬಹುದು, ಎತ್ತು, ಎಂದಳು ತನಗೆ ತಾನೇ, ಎತ್ತು ಆರ್ಲಿಸ್, ಕಾಲು ಏಳಲಿಲ್ಲ, ಸವೆದು ನುಣ್ಣಗಾದ ರಬ್ಬರು, ಅದರ ಮೇಲೆ ಅವಳ ಕಾಲು, ರಬ್ಬರು, ಕಾಲು.