ತೊಕೊಚ್‌ನ ತಪ್ಪು

ಬೆಳಕು ಹರಿಯುವ ಮುಂಚೆ ಪ್ಯಾಸೇಜಿಗೆ ಕಾಲಿಟ್ಟ ಎಸೆನ್ ಅಲ್ಲೇ ನಿಂತುಬಿಟ್ಟ. ಬಲಗಾಲಿನ ಉಣ್ಣೆಯ ಕಾಲುಚೀಲ ತಣ್ಣಗೆ ನೀರು ಹೀರುತ್ತಿತ್ತು.

“ಮತ್ತೆ!” ಎಂದು ಅರಚಿದ. “ಬುರುಲ್, ಬಾ ಇಲ್ಲಿ. ನಿನ್ನ ಮುದ್ದಿನ ಮಗ ಏನು ಮಾಡಿದಾನೆ ನೋಡು ಬಾ.”

ಹೆಂಡತಿ ಬುರುಲ್ ಅಡಿಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟಿದ್ದಳು. ಕೈ ಒರೆಸಿಕೊಂಡು ಓಡಿಬರುವಷ್ಟರಲ್ಲಿ ಎಸೆನ್ ದೀಪ ಹಾಕಿದ್ದ. ಕೋಟುಗಳ ಗೂಟದ ಕೆಳಗೆ, ಅತ್ತೆಯ ಕೋಣೆಗೂ ಬಚ್ಚಲಿಗೂ ನಡುವೆ, ಅದೇ ಜಾಗದಲ್ಲಿ ಒದ್ದೆ ಹರಡಿಕೊಂಡಿತ್ತು. ಗೋಡೆ ಬದಿಯ ಪೆಟ್ಟಿಗೆಯಿಂದ ನಾಯಿಮರಿ ತೊಕೊಚ್ ಇಳಿದು, ಬಾಲ ಮಾತ್ರವಲ್ಲ ಸೊಂಟವನ್ನೂ ಆಡಿಸುತ್ತ ಯಜಮಾನನ ಕಾಲಿನ ಹತ್ತಿರ ಬಂತು. ಎಸೆನ್ ಅದರ ಕತ್ತಿನ ಚರ್ಮ ಹಿಡಿದೆತ್ತಿ ಮೂತಿಯನ್ನು ಒದ್ದೆಗೆ ಒತ್ತಿ ಉಜ್ಜಿದ. ಬೆನ್ನಿಗೆ ಎರಡು ಬಿಗಿದ. ಮರಿ ಕೀಚಲು ದನಿಯಲ್ಲಿ ಕಿರುಚಿತು.

“ಬಿಡೋ ಅದನ್ನ!”

ಕೊನೆಯ ಕೋಣೆಯ ಬಾಗಿಲಲ್ಲಿ ಅತ್ತೆ ಸುಯುಮ್ಕಾನ್ ನಿಂತಿದ್ದಳು. ಬಂದವಳೇ ಮಗನ ಕೈಯಿಂದ ಮರಿಯನ್ನು ಕಿತ್ತುಕೊಂಡು ಎದೆಗವುಚಿಕೊಂಡಳು. ಅವಳ ಗಲ್ಲದ ಮೇಲೆ ನೀರು ಇಳಿಯುತ್ತಿದ್ದುದನ್ನು ನೋಡಿ ಬುರುಲ್ ದಂಗಾದಳು. ಬ್ರೆಡ್ ಕಾರ್ಖಾನೆಯಲ್ಲಿ ಒಂದು ಪಾಳಿಯ ಹೆಂಗಸರನ್ನೆಲ್ಲ ಕಣ್ಣಲ್ಲೇ ನಡುಗಿಸಿದವಳು ಸುಯುಮ್ಕಾನ್. ಗಂಡ ತೀರಿಕೊಂಡಾಗ ಸಂಪ್ರದಾಯದ ಪ್ರಕಾರ ಹಾಡಿಕೊಂಡು ಅತ್ತು, ಅದು ಮುಗಿದದ್ದೇ ಎದ್ದು ಬಂದವರಿಗೆಲ್ಲ ಚಹಾ ಸಿಕ್ಕಿತೋ ಇಲ್ಲವೋ ಎಂದು ವಿಚಾರಿಸಿದವಳು. ಅಂಥವಳು ನಾಯಿಮರಿಗಾಗಿ ಅಳುವುದೆಂದರೇನು!

“ನಾಯಿಗೆ ಹೊಡೆದ್ರೆ ನೀನ್ಯಾಕೆ ಅಳ್ತೀಯ ಅಪಾ?” ಎಂದು ತಾಯಿಯನ್ನು ಕೇಳುತ್ತ ಎಸೆನ್ ಕಾಲುಚೀಲ ಕಿತ್ತೆಸೆದ. “ಸಾಕಾಯ್ತು ನನಗೆ. ಇವತ್ತು ಬಿಷ್ಕೆಕ್‌ಗೆ ಹೋಗಿ ನಾಳೆ ಬರ್ತೀನಲ್ಲ, ಬರುವಾಗ ತಾಬಲ್ಡೀನ ಕರ್ಕೊಂಡೇ ಬರ್ತೀನಿ. ಬೆಟ್ಟದಲ್ಲಿ ಅವನ ಕುರಿ ದೊಡ್ಡಿ ಹತ್ರ ಬಿದ್ದಿರಲಿ ಇದು.”

“ಈ ಚಳೀಲಾ? ಇದಿನ್ನೂ ಕೂಸು ಕಣೋ,” ಎಂದಳು ಅತ್ತೆ.

“ಮನೆಯೊಳಗೆ ನಾಯಿ ಇದ್ರೆ ದೇವದೂತರು ಬರಲ್ಲ ಅಂತ ನನ್ನನ್ನ ಚಿಕ್ಕಂದಿನಲ್ಲಿ ಹೊಡೆದೋಳು ನೀನೇ ತಾನೆ?”

ಅತ್ತೆ ಮರಿಯನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಎಸೆನ್ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಚಳಿಗಾಲ ಶುರುವಾಗುವ ಹೊತ್ತಿಗೆ ಒಂದು ಮಧ್ಯಾಹ್ನ ಅತ್ತೆ ಸಂತೆಯಿಂದ ಬಂದು ಕೋಟಿನ ಗುಂಡಿ ಬಿಚ್ಚಿದಾಗ ಒಳಗಿಂದ ಕಂದು ಬಣ್ಣದ ತಲೆಯೊಂದು ಹೊರಬಂದಿತ್ತು. ಗಂಡ ಹೆಂಡತಿ ಇಬ್ಬರೂ ಬಾಯಿ ತೆರೆದುಕೊಂಡು ನಿಂತಿದ್ದರು. ನಾಯಿ ಮುಟ್ಟಿದ ಬಟ್ಟಲನ್ನು ಏಳು ಸಲ ತೊಳೆಸುವವಳು, ಯಾರದಾದರೂ ಬೂಟು ಹೊಸ್ತಿಲಿನಿಂದ ಒಂದು ಅಂಗುಲ ಒಳಗೆ ಬಂದರೆ ರಂಪ ಮಾಡುವವಳು, “ಮಕ್ಕಳಿಬ್ಬರೂ ಓದೋಕೆ ಹೋದ್ಮೇಲೆ ಮನೆ ಬಿಕೋ ಅಂತಿದೆ, ಇರಲಿ ಬಿಡಿ,” ಎಂದಿದ್ದಳು. ಬಾಣಲೆಯಲ್ಲಿ ಉಬ್ಬಿದ ಪುಟ್ಟ ರೊಟ್ಟಿಯ ಹಾಗಿದೆಯೆಂದು ತೊಕೊಚ್ ಎಂಬ ಹೆಸರನ್ನೂ ಅವಳೇ ಇಟ್ಟಳು. ಆದರೆ ಅದರ ಚಾಕರಿಯೆಲ್ಲ ಬುರುಲ್‌ಳ ಪಾಲಿಗೆ ಬಂತು.

ಬುರುಲ್‌ಗೆ ನಾಯಿ ಸಾಕಿ ಗೊತ್ತಿರಲಿಲ್ಲ. ಕೆಳಗಿನ ಮನೆಯ ರಷ್ಯನ್ ಮುದುಕಿಯನ್ನು ಕೇಳಿಕೊಂಡು ಬಂದು ಒಂದೊಂದಾಗಿ ಮಾಡಿದಳು. ಸಂಜೆಯಾದ ಮೇಲೆ ನೀರಿನ ಬಟ್ಟಲು ಎತ್ತಿಡುತ್ತಿದ್ದಳು. ಮಲಗುವ ಮುಂಚೆ ಮರಿಯನ್ನು ಮೂರು ಮಹಡಿ ಇಳಿಸಿ ಅಂಗಳದ ಅದೇ ಪಾಪ್ಲರ್ ಮರದ ಬುಡಕ್ಕೆ ಒಯ್ಯುತ್ತಿದ್ದಳು. ಕೆಲಸ ಆಗುವ ತನಕ ಮಾತಾಡದೆ ನಿಲ್ಲುತ್ತಿದ್ದಳು. ಆದ ಮೇಲೆ ಬೆನ್ನು ತಟ್ಟಿ ಒಣಮಾಂಸದ ಚೂರು ಕೊಡುತ್ತಿದ್ದಳು. ರಾತ್ರಿ ಕುಂಯ್ ಎಂದರೆ ನೆಲಕ್ಕೆ ಬಿಡದೆ ಎತ್ತಿಕೊಂಡು ಓಡಬೇಕು, ವಾಪಸ್ ಬಂದ ಮೇಲೆ ಆಟವಾಡಿಸದೆ ದೀಪ ಆರಿಸಿ ಮಲಗಿಸಬೇಕು. ಒದ್ದೆಯಾದ ಜಾಗಕ್ಕೆ ವಿನೆಗರ್ ಹಾಕಿ ಒರೆಸಬೇಕು, ಇಲ್ಲದಿದ್ದರೆ ವಾಸನೆ ಹಿಡಿದು ಅಲ್ಲಿಗೇ ಬರುತ್ತದೆ. ತಮ್ಮ ಬೆಟ್ಟದೂರು ನಾರಿನ್‌ನ ಚಳಿಯಲ್ಲಿ ರೆಪ್ಪೆಯ ಮೇಲೆ ಹಿಮ ಕಟ್ಟಿಸಿಕೊಂಡು ಬುರುಲ್ ಇದನ್ನೆಲ್ಲ ತಪ್ಪದೆ ಮಾಡಿದಳು. ಮರಿಯೂ ಕಲಿಯಿತು. ಮರದ ಬುಡಕ್ಕೆ ಬಿಟ್ಟರೆ ಸಾಕು, ತಕ್ಷಣ ಕುಳಿತುಬಿಡುತ್ತಿತ್ತು. ಹಗಲಲ್ಲಿ ಮನೆಯೊಳಗೆ ಒಂದು ಹನಿಯೂ ಇಲ್ಲ. ಆದರೆ ಕೆಲವು ಬೆಳಿಗ್ಗೆ ಮಾತ್ರ ಪ್ಯಾಸೇಜಿನಲ್ಲಿ ಒದ್ದೆ ಇದ್ದೇ ಇರುತ್ತಿತ್ತು.

ಒಂದು ಸಲ ಅತ್ತೆಯ ಮಂಚದ ಕೆಳಗೆ ಹಾಲಿನ ಬಟ್ಟಲು ಸಿಕ್ಕಿತು.

“ಅಪಾ, ರಾತ್ರಿ ಹಾಲು ಕೊಟ್ರೆ ಅದು ತಡಕೊಳ್ಳೋದು ಹೇಗೆ?” ಎಂದು ಬುರುಲ್ ಕೇಳಿದ್ದಳು.

“ಬಾಯಾರಿತ್ತು ಪಾಪ. ನಿನ್ನ ಶಿಸ್ತೆಲ್ಲ ನಿನ್ನ ಹತ್ರ ಇಟ್ಕೋ ಹುಡುಗಿ. ನಾಯಿಮರಿ ಅಂದ್ಮೇಲೆ ನೆಲ ಒದ್ದೆ ಮಾಡುತ್ತಪ್ಪ, ಅದಕ್ಕೇನೀಗ?” ಎಂದು ಅತ್ತೆ ರೇಗಿದ್ದಳು. ನೆಲದ ಮೇಲೆ ಒಂದು ಕೂದಲು ಬಿದ್ದರೂ ಸಹಿಸದವಳ ಬಾಯಲ್ಲಿ ಆ ಮಾತು ಕೇಳಿ ಬುರುಲ್‌ಗೆ ನಂಬಲಾಗಿರಲಿಲ್ಲ.

ಎಸೆನ್ ವ್ಯಾನು ತೆಗೆದುಕೊಂಡು ಬಿಷ್ಕೆಕ್‌ಗೆ ಹೊರಟ ಮೇಲೆ ಆ ದಿನವೆಲ್ಲ ಅತ್ತೆ ಕೋಣೆಯಿಂದ ಹೊರಗೆ ಬರಲಿಲ್ಲ. ಬುರುಲ್ ಮಾತ್ರ ಸುಲಭಕ್ಕೆ ಸೋಲುವವಳಲ್ಲ. ಇವತ್ತೊಂದು ರಾತ್ರಿ ನೆಲ ಒಣಗಿದ್ದರೆ ನಾಳೆ ಗಂಡನ ಕೈಕಾಲು ಹಿಡಿದಾದರೂ ಮರಿಯನ್ನು ಉಳಿಸಿಕೊಳ್ಳಬಹುದು. ಗಂಡ ಇದ್ದಾಗ ಮಲಗುವ ಕೋಣೆಗೆ ನಾಯಿಯನ್ನು ಸೇರಿಸುವ ಹಾಗಿರಲಿಲ್ಲ. ಈಗ ಪೆಟ್ಟಿಗೆಯನ್ನು ತಂದು ತನ್ನ ಮಂಚಕ್ಕೆ ತಾಗಿಸಿ ಇಟ್ಟುಕೊಂಡಳು. ತೊಕೊಚ್ ಒಂದೇ ಸಲ ಕುಂಯ್‌ಗುಟ್ಟಿತು. ಬುರುಲ್ ಅದನ್ನು ಕಂಬಳಿಯಲ್ಲಿ ಸುತ್ತಿಕೊಂಡು ಕೆಳಗೆ ಹೋಗಿ ಬಂದಳು. ಮರಿ ಪೆಟ್ಟಿಗೆಯಲ್ಲಿ ಸುರುಳಿಯಾಗಿ ಮಲಗಿ ಗೊರಕೆ ಹೊಡೆಯತೊಡಗಿತು. ಬುರುಲ್ ಕತ್ತಲಲ್ಲೇ ನಕ್ಕಳು.

ಎಷ್ಟೋ ಹೊತ್ತಿನ ಮೇಲೆ ಬಾಗಿಲು ಮೆಲ್ಲಗೆ ತೆರೆದುಕೊಂಡ ಸದ್ದಿಗೆ ಎಚ್ಚರವಾಯಿತು. ಬಿಳಿಯ ನಿಲುವಂಗಿಯೊಂದು ಮಂಚದ ಪಕ್ಕದಲ್ಲಿ ಬಗ್ಗಿತು. ಪೆಟ್ಟಿಗೆಯಿಂದ ಮರಿಯನ್ನು ಎತ್ತಿಕೊಂಡಿತು. ಪಾಪ, ಕೊನೆಯ ರಾತ್ರಿ ಅಂತ ಅತ್ತೆ ತನ್ನ ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಾಳೇನೋ ಎಂದುಕೊಂಡಳು ಬುರುಲ್. ಆದರೂ ಎದ್ದು ಬರಿಗಾಲಲ್ಲಿ ಬಾಗಿಲ ತನಕ ಹೋದಳು.

ಬಚ್ಚಲ ದೀಪದ ಬೆಳಕು ಪ್ಯಾಸೇಜಿನಲ್ಲಿ ಪಟ್ಟಿಯಾಗಿ ಬಿದ್ದಿತ್ತು. ಕೋಟುಗಳ ಕೆಳಗೆ ನೆಲ ಹೊಳೆಯುತ್ತಿತ್ತು. ಅತ್ತೆಯ ನಿಲುವಂಗಿ ಸೊಂಟದಿಂದ ಕೆಳಗೆ ಪೂರ್ತಿ ನೆನೆದು ಕಾಲಿಗೆ ಅಂಟಿಕೊಂಡಿತ್ತು. ಸುಯುಮ್ಕಾನ್ ಗೋಡೆ ಹಿಡಿದು ಕಷ್ಟಪಟ್ಟು ಮಂಡಿಯೂರಿ, ನಿದ್ದೆಯಲ್ಲಿ ತೂಗುತ್ತಿದ್ದ ಮರಿಯನ್ನು ಆ ಒದ್ದೆಯ ಪಕ್ಕದಲ್ಲಿ ಕೂರಿಸಿದಳು. ಮರಿ ಪಕ್ಕಕ್ಕೆ ವಾಲಿತು. ಅವಳು ಅದನ್ನು ಮತ್ತೆ ನೆಟ್ಟಗೆ ಕೂರಿಸಿ, ಅದರ ಒಂದು ಕಾಲನ್ನು ಎತ್ತಿ ಒದ್ದೆಯಲ್ಲಿಟ್ಟಳು.

“ನನ್ನಪ್ಪ, ನನ್ನ ಕಂದ,” ಎಂದು ಪಿಸುಗುಟ್ಟುತ್ತಿದ್ದಳು. “ನಿನಗೆ ನಾಚಿಕೆ ಅನ್ನೋದಿಲ್ಲ. ನೀನು ಹೊತ್ಕೋ. ಇದೊಂದು ಸಲ ಹೊತ್ಕೋ.”

ಬುರುಲ್‌ಳ ಕೈ ಬಾಗಿಲಿನ ಚೌಕಟ್ಟಿನ ಮೇಲೇ ಉಳಿಯಿತು. ಮೊದಲಿಗೆ ತಾನು ಏನು ನೋಡುತ್ತಿದ್ದೇನೆ ಎಂಬುದೇ ತಲೆಗೆ ಹೋಗಲಿಲ್ಲ. ಆಮೇಲೆ ಇಷ್ಟು ದಿನ ವಿನೆಗರ್ ಹಾಕಿ ಒರೆಸಿದ್ದು ಯಾರದ್ದು, ಮರಿಯ ಮೂತಿ ಉಜ್ಜಿಸಿಕೊಂಡದ್ದು ಯಾವುದಕ್ಕೆ, ಸಂತೆಯಿಂದ ಅದು ಈ ಮನೆಗೆ ಬಂದದ್ದಾದರೂ ಯಾಕೆ ಎಂಬುದೆಲ್ಲ ಒಟ್ಟಿಗೇ ಬಂದು ಎದೆಗೆ ಬಡಿಯಿತು. ಓಡಿಹೋಗಿ ಅತ್ತೆಯನ್ನು ಎತ್ತಬೇಕು ಅನಿಸಿತು. ಆದರೆ ತಾನು ನೋಡಿದೆನೆಂದು ಗೊತ್ತಾದರೆ ಆ ಹೆಂಗಸು ಬದುಕಿ ಉಳಿಯುವುದಿಲ್ಲ ಎಂದೂ ಅನಿಸಿತು. ಸದ್ದಾಗದಂತೆ ವಾಪಸ್ ಬಂದು ಹಾಸಿಗೆಯಲ್ಲಿ ಕಣ್ಣು ತೆರೆದುಕೊಂಡು ಮಲಗಿದಳು.

ಬೆಳಿಗ್ಗೆ ಎಂದಿನಂತೆ ಬಟ್ಟೆ ತಂದು ಒರೆಸಿದಳು. ಅತ್ತೆ ಚಹಾ ಬಟ್ಟಲಿನ ಮೇಲೆ ಬಗ್ಗಿಕೊಂಡು, “ಮತ್ತೆ ಮಾಡಿತಾ?” ಎಂದು ಕೇಳಿದಳು.

“ಹೂಂ ಅಪಾ. ಇರಲಿ. ಪರವಾಗಿಲ್ಲ,” ಎಂದಳು ಬುರುಲ್. ಅತ್ತೆಯ ಕಡೆ ನೋಡದೆ ಬಟ್ಟೆ ಹಿಂಡಿದಳು. ಅತ್ತೆ ತಲೆ ಎತ್ತಿ ಅವಳನ್ನೇ ಒಂದು ಕ್ಷಣ ನೋಡಿದಳು.

ಮಧ್ಯಾಹ್ನದ ಹೊತ್ತಿಗೆ ಎಸೆನ್ ಬಂದ. ಹಿಂದೆಯೇ ಅವನ ಚಿಕ್ಕಪ್ಪನ ಮಗ ತಾಬಲ್ಡಿ ಕುರಿಚರ್ಮದ ಕೋಟಿನಲ್ಲಿ ಬಾಗಿಲು ತುಂಬ ನಿಂತ. ಅವನ ಮೈಯಿಂದ ಸಗಣಿ ಹೊಗೆಯ ವಾಸನೆ ಬರುತ್ತಿತ್ತು.

“ಎಲ್ಲಿ ದೊಡ್ಡಮ್ಮ ನಿಮ್ಮ ಕಳ್ಳ? ನಮ್ಮ ಕಡೆ ಅವನಿಗೆ ಕಕ್ಕಸಿನ ಕಾಟ ಇಲ್ಲ, ಬೆಟ್ಟವೆಲ್ಲ ಅವನದೇ,” ಎಂದು ನಕ್ಕ. ಮರಿಯನ್ನು ಅಂಗೈಯಲ್ಲಿ ಎತ್ತಿ ತೂಗಿ ನೋಡಿದ. “ಎಸೆನ್, ಇದಕ್ಕೆ ಕೂದಲೇ ಇಲ್ವಲ್ಲೋ. ನಮ್ಮ ನಾಯಿಗಳು ಹಿಮದಲ್ಲೇ ಮಲಗೋದು. ಇದು ಒಂದು ವಾರ ಉಳಿದ್ರೆ ನಾನು ಮೀಸೆ ಬೋಳಿಸ್ತೀನಿ.”

“ಅದರ ಹಣೇಲಿ ಬರೆದಂಗಾಗುತ್ತೆ,” ಎಂದ ಎಸೆನ್. ಗಾಳಿಯಲ್ಲಿ ಮೂಗು ಆಡಿಸಿದ. “ವಿನೆಗರ್ ವಾಸನೆ. ನಿನ್ನೆ ರಾತ್ರೀನೂ ಆಯ್ತಾ?”

“ತಪ್ಪು ನನ್ನದು ರೀ,” ಬುರುಲ್ ಅಡ್ಡ ಬಂದಳು. “ರಾತ್ರಿ ಅದು ಎಬ್ಬಿಸ್ತು, ನಾನೇ ಸೋಮಾರಿತನ ಮಾಡಿ ಏಳಲಿಲ್ಲ. ಇನ್ನೊಂದು ತಿಂಗಳು ನೋಡೋಣ. ನಿಮಗೆ ಕೈ ಮುಗೀತೀನಿ.”

“ನೀನು ಏಳಲಿಲ್ವಾ? ಸುಳ್ಳು ಹೇಳೋಕೂ ಬರಲ್ಲ ನಿನಗೆ. ತಾಬಲ್ಡಿ, ತಗೊಂಡು ನಡಿ.”

ತಾಬಲ್ಡಿ ಮರಿಯನ್ನು ಕೋಟಿನೊಳಗೆ ತುರುಕಿಕೊಂಡು ಬಾಗಿಲ ಚಿಲಕಕ್ಕೆ ಕೈ ಹಾಕಿದ. ಕೋಟಿನೊಳಗಿಂದ ಕುಂಯ್ ಎಂದು ಸಣ್ಣ ದನಿ ಕೇಳಿತು.

“ಅದಲ್ಲ.”

ಸುಯುಮ್ಕಾನ್ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ತಲೆಯ ಬಿಳಿ ವಸ್ತ್ರವನ್ನು ಬಿಗಿಯಾಗಿ ಕಟ್ಟಿಕೊಂಡು, ಕಾರ್ಖಾನೆಯ ಪಾಳಿ ಶುರುಮಾಡುವವಳ ಹಾಗೆ ನೆಟ್ಟಗೆ ನಿಂತಿದ್ದಳು.

“ಅದು ಮಾಡಿದ್ದಲ್ಲ. ನಾನು.”

ಎಸೆನ್ ನಕ್ಕುಬಿಟ್ಟ. “ಏನು ಅಪಾ ಇದು, ನಾಯಿ ಉಳಿಸೋಕೆ ಎಂಥಾ ನಾಟಕ ಆಡ್ತೀಯ!”

“ನಾಟಕ ಅಲ್ಲ ಕಣೋ. ಒಂದು ದಿನಾನೂ ಅದು ಮಾಡಿದ್ದಲ್ಲ. ಬೇಸಿಗೆ ಕಳೆದಾಗಿನಿಂದ ನನಗೆ ತಡೆಯೋಕಾಗ್ತಿಲ್ಲ. ಎಚ್ಚರ ಆಗಿ ಎದ್ದು ಬಚ್ಚಲು ಮುಟ್ಟೋಷ್ಟ್ರಲ್ಲಿ ಇಲ್ಲೇ, ಈ ಕೋಟುಗಳ ಹತ್ರ...” ಅವಳು ಕೈಯಿಂದ ಆ ಜಾಗ ತೋರಿಸಿದಳು. “ಮೊದಮೊದಲು ಒರೆಸಿಕೊಳ್ತಿದ್ದೆ. ಆಮೇಲೆ ಸೊಂಟ ಬಗ್ಗಲಿಲ್ಲ. ಒಂದಲ್ಲ ಒಂದು ದಿನ ನೀನೋ ಇವಳೋ ತುಳೀತೀರ ಅಂತ ಗೊತ್ತಿತ್ತು. ಅದಕ್ಕೇ ಹೋಗಿ ಅದನ್ನ ತಂದೆ.”

ತಾಬಲ್ಡಿ ತನ್ನ ಬೂಟುಗಳನ್ನೇ ನೋಡುತ್ತ ನಿಂತ. ಎಸೆನ್‌ನ ಮುಖದ ಮೇಲಿನ ನಗು ಇಳಿಯಲು ದಾರಿ ಕಾಣದೆ ಹಾಗೇ ಉಳಿದುಬಿಟ್ಟಿತ್ತು. ಅವನು ತಾಯಿಯನ್ನು, ನೆಲವನ್ನು, ಹೆಂಡತಿಯನ್ನು ನೋಡಿದ. ಬುರುಲ್ ತಲೆ ತಗ್ಗಿಸಿದ್ದನ್ನು ಕಂಡು ಆ ನಗುವೂ ಹೋಯಿತು.

“ನೀನು ಅದರ ಮೂತಿ ಉಜ್ಜಿದೆಯಲ್ಲ,” ಅತ್ತೆಯ ದನಿ ಈಗ ಮೊದಲ ಸಲ ಒಡೆಯಿತು, “ಅದು ನನ್ನದಪ್ಪಾ.”

ಎಸೆನ್ ಬೂಟು ಬಿಚ್ಚುವ ಮಣೆಯ ಮೇಲೆ ಕುಸಿದು ಕುಳಿತ. ತನ್ನ ಬಲಗೈಯನ್ನು ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿಕೊಂಡ.

ತಾಬಲ್ಡಿ ಕೋಟಿನಿಂದ ಮರಿಯನ್ನು ತೆಗೆದು ಮೆತ್ತಗೆ ನೆಲಕ್ಕೆ ಬಿಟ್ಟ. “ಬರ್ತೀನಿ ದೊಡ್ಡಮ್ಮ. ಚಹಾ ಚೆನ್ನಾಗಿತ್ತು,” ಎಂದ. ಅವನಿಗೆ ಚಹಾ ಕೊಟ್ಟೇ ಇರಲಿಲ್ಲ. ಮೆಟ್ಟಿಲಿಳಿಯುವ ಅವನ ಬೂಟಿನ ಸದ್ದು ಬಹಳ ಹೊತ್ತು ಕೇಳಿತು.

ಅವನ ಹಿಂದೆಯೇ ಎಸೆನ್‌ನೂ ಎದ್ದು ಹೋದ. ಬುರುಲ್ ಕಿಟಕಿಯಿಂದ ನೋಡಿದಳು. ವ್ಯಾನಿನಲ್ಲಿ ಕುಳಿತಿದ್ದ, ಎಂಜಿನ್ ಹಾಕಿರಲಿಲ್ಲ. ಗಾಜಿನ ಮೇಲೆ ಹಿಮ ಬಿದ್ದು ಬಿದ್ದು ಕೊನೆಗೆ ಅವನು ಕಾಣದಾದ.

ಅಡಿಗೆಮನೆಯಲ್ಲಿ ಅತ್ತೆ ಚಾಕು ಹಿಡಿದು ಈರುಳ್ಳಿ ಹೆಚ್ಚುತ್ತಿದ್ದಳು.

“ನೀನು ನೋಡಿದ್ದೆ,” ಎಂದಳು, ತಿರುಗದೆ.

“ನೋಡಿದ್ದೆ ಅಪಾ.”

“ನೋಡಿಯೂ ನಿನ್ನ ತಲೆ ಮೇಲೆ ಹಾಕ್ಕೊಂಡೆ. ಪೆದ್ದಿ.”

“ಇದಕ್ಕೆ ಔಷಧಿ ಇದೆ ಅಪಾ. ಸೋಮವಾರ ಡಾಕ್ಟರ್ ಹತ್ರ ಹೋಗೋಣ. ನಾನೂ ಬರ್ತೀನಿ.”

“ಗಂಡಸು ಡಾಕ್ಟರಾದ್ರೆ ನಾನು ಒಳಗೆ ಕಾಲಿಡಲ್ಲ, ಈಗಲೇ ಹೇಳಿರ್ತೀನಿ,” ಎಂದಳು ಸುಯುಮ್ಕಾನ್. ಈರುಳ್ಳಿ ಹೆಚ್ಚಿ ಮುಗಿದಿದ್ದರೂ ಹಲಗೆಯ ಮೇಲೆ ಚಾಕು ಆಡುತ್ತಲೇ ಇತ್ತು.

ಕತ್ತಲಾದ ಮೇಲೆ ಎಸೆನ್ ಬಂದ. ಊಟ ಮಾಡಿದ. ಯಾರ ಮುಖವನ್ನೂ ನೋಡಲಿಲ್ಲ. ತೊಕೊಚ್ ಅವನ ಹತ್ತಿರ ಬರದೆ ಮೇಜಿನ ಕೆಳಗಿಂದಲೇ ಅವನ ಪಾದಗಳನ್ನು ಗಮನಿಸುತ್ತಿತ್ತು. ಅವನು ತಟ್ಟೆಯಿಂದ ಮಾಂಸದ ತುಂಡೊಂದನ್ನು ನೆಲದ ಮೇಲಿಟ್ಟು ಎದ್ದುಹೋದ.

ರಾತ್ರಿ ಬುರುಲ್‌ಗೆ ಎಚ್ಚರವಾದಾಗ ಪಕ್ಕದ ಹಾಸಿಗೆ ತಣ್ಣಗಿತ್ತು. ಪ್ಯಾಸೇಜಿನಲ್ಲಿ ದೀಪ ಉರಿಯುತ್ತಿತ್ತು. ಬಾಗಿಲಿನ ಸಂದಿಯಿಂದ ನೋಡಿದಳು. ಎಸೆನ್ ಹೊರಗೆ ಹೋಗುವ ಕೋಟು ತೊಟ್ಟು, ತಾಯಿಯ ಕೋಣೆಯ ಬಾಗಿಲ ಪಕ್ಕದಲ್ಲಿ ನೆಲದ ಮೇಲೆ ಗೋಡೆಗೊರಗಿ ಕುಳಿತಿದ್ದ. ಅವನ ತೊಡೆಯ ಮೇಲೆ ತೊಕೊಚ್ ಮಲಗಿತ್ತು. ಅದರ ಕಾಲುಗಳಿಗಂಟಿದ ಹಿಮ ಇನ್ನೂ ಕರಗಿರಲಿಲ್ಲ.

ಒಳಗೆ ಮಂಚ ಕಿರುಗುಟ್ಟಿತು. ಬಾಗಿಲು ತೆರೆದುಕೊಂಡಿತು. ಬಿಳಿಯ ನಿಲುವಂಗಿಯಲ್ಲಿ ಹೊರಬಂದ ಸುಯುಮ್ಕಾನ್ ಮಗನನ್ನು ಕಂಡು ಬೆಚ್ಚಿ ನಿಂತಳು. ಎಸೆನ್ ತಲೆ ಎತ್ತಲಿಲ್ಲ. ಮಲಗಿದ ಮರಿ ಅಲುಗದ ಹಾಗೆ, ಬಲಗೈಯನ್ನು ಮಾತ್ರ ಮೇಲಕ್ಕೆ ಚಾಚಿದ. ಅವಳು ಅದನ್ನು ಹಿಡಿದುಕೊಂಡಳು.