ಸೋಪು ಮಾಡಹೋದ ಬೋಗಾಣಿ

ನಾನು ಒಂದು ಬೋಗಾಣಿ. ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ಅಲ್ಯೂಮಿನಿಯಂ ತಗಡನ್ನು ಒತ್ತಿ ನನ್ನನ್ನು ಮಾಡಿದರು. ನಮ್ಮ ಕಡೆಯ ಜನ ನನ್ನಂಥವರನ್ನು ಜರ್ಮನ್ ಪಾತ್ರೆ ಎನ್ನುತ್ತಾರೆ. ಗದಗಿನ ಸಂತೆಯಲ್ಲಿ ಕಸ್ತೂರವ್ವ ನನ್ನನ್ನು ಬೆರಳಿನಿಂದ ಬಡಿದು, ಸದ್ದು ಕೇಳಿ, ಕಂಕುಳಲ್ಲಿಟ್ಟುಕೊಂಡು ಮನೆಗೆ ತಂದಳು. ಅವಳ ಗಂಡ ದುರಗಪ್ಪ ಬಸ್ ಸ್ಟ್ಯಾಂಡಿನ ಎದುರು ತಳ್ಳುಗಾಡಿಯಲ್ಲಿ ಮಿರ್ಚಿ ಕರಿಯುತ್ತಿದ್ದ. ಅದರ ಹಿಟ್ಟು ಕಲಸುವುದು ನನ್ನಲ್ಲಿ. ಕಲಸುವಾಗ ಅವಳ ಬಳೆಗಳು ನನ್ನ ಅಂಚಿಗೆ ತಾಗುತ್ತಿದ್ದವು. ಅಂಥ ಸುಖ ಮತ್ತೆ ಕಾಣಲಿಲ್ಲ.

ಒಂದು ಬೆಳಗ್ಗೆ ಕಸ್ತೂರವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಬೆನ್ನುಮೂಳೆ ಮುರಿಯಿತು, ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಗಾಡಿ ನಿಲ್ಲಿಸಿ ದುರಗಪ್ಪ ಮನೆಯಲ್ಲೇ ಉಳಿದ. ಹಾಸಿಗೆ ಮತ್ತೆ ಮತ್ತೆ ಒದ್ದೆಯಾಗುತ್ತಿತ್ತು. ಸೋಪಿಗೂ ಕಾಸು ಸಾಲದಾದಾಗ ಬಟ್ಟೆಯನ್ನು ಬರೀ ನೀರಿನಲ್ಲಿ ಉಜ್ಜಿದ. ವಾಸನೆ ಹೋಗಲಿಲ್ಲ.

ನಮ್ಮದು ಸಾಲುಮನೆಗಳ ಚಾಳು; ಪಕ್ಕದ ಮನೆಯ ಗಿರಿಜವ್ವ ಮೂಗಿಗೆ ಸೆರಗು ಹಿಡಿದು ಬಾಗಿಲಿಗೆ ಬಂದಳು.

"ತಮ್ಮಾ, ಚಾಳಿನ ಮಂದಿಗೆ ಉಣ್ಣಾಕ ಆಗವಲ್ದು. ಏನರ ಮಾಡೋ."

ಒಳಗೆ ಮಲಗಿದ್ದವಳಿಗೆ ಅದು ಕೇಳಿಸಿತು. ಅಂದಿನಿಂದ ಕಸ್ತೂರವ್ವ ನೀರು ಕುಡಿಯುವುದನ್ನೇ ಬಿಟ್ಟಳು.

"ಕುಡದ್ರ ಮತ್ತ ಹಾಸಿಗಿ ತೋಯ್ತೈತಿ. ನಿಮ್ಮ ಕೈ ನೋಡ್ಕೊರಿ, ಹೆಂಗ ಸುಲದಾವು."

ದುರಗಪ್ಪ ಲೋಟ ತುಟಿಗಿಟ್ಟರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ತುಟಿ ಒಡೆದು ರಕ್ತ ಬಂತು. ಅವನು ನನ್ನ ಪಕ್ಕ ಕುಕ್ಕರಿಸಿ ಬಿಕ್ಕಿಬಿಕ್ಕಿ ಅತ್ತ.

ಗಾಡಿಯ ಕರಿದ ಎಣ್ಣೆ ಒಂದು ಡಬ್ಬಿ ಉಳಿದಿತ್ತು. ಅದಕ್ಕೆ ಕಾಸ್ಟಿಕ್ ಸೋಡಾ ಬೆರೆಸಿದರೆ ಸೋಪಾಗುತ್ತದೆಂದು ಅವನು ಯಾರಿಂದಲೋ ಕೇಳಿದ್ದ. ಸೋಡಾ ತಂದು ನನ್ನೊಳಗೆ ಸುರಿದು, ಮೇಲೆ ನೀರು ಹೊಯ್ದ.

ಅದು ನನ್ನನ್ನು ಕಚ್ಚಿತು. ಒಲೆಯ ಬೆಂಕಿ ನನಗೆ ಗೊತ್ತು, ಇದು ಬೇರೆ. ನೀರು ಬುಸುಗುಟ್ಟಿ ಉಕ್ಕಿತು, ನನ್ನ ಮೈ ಕಪ್ಪಾಯಿತು, ಘಾಟು ಎದ್ದಿತು. ಹನಿಯೊಂದು ಕೈಗೆ ಸಿಡಿದು ದುರಗಪ್ಪ ಚೀರಿದ.

"ಯಾವುದ್ರಾಗ ಮಾಡಾಕ್ಹತ್ತೀರಿ?" ಒಳಗಿಂದ ಕಸ್ತೂರವ್ವ ಕೂಗಿದಳು.

"ಜರ್ಮನ್ ಬೋಗಾಣ್ಯಾಗ."

"ಅಯ್ಯ ಶಿವನ! ಸೋಡಾ ಜರ್ಮನ್ ಪಾತ್ರಿ ತಿಂತೈತಿ! ದೂರ ಸರೀರಿ! ಕೈಮ್ಯಾಗ ನೀರ ಸುರಕೋತ ಇರ್ರಿ!"

ಅವಳ ತವರಿನಲ್ಲಿ ತಾಯಿ ಸೋಪು ಮಾಡುತ್ತಿದ್ದಳಂತೆ. ಮರುದಿನ ಅವಳು ಮಲಗಿದಲ್ಲಿಂದಲೇ ಹೇಳಿದಳು, ಅವನು ಕಬ್ಬಿಣದ ಬಾಣಲೆಯಲ್ಲಿ ಮಾಡಿದ.

"ಮೊದಲ ನೀರ, ಆಮ್ಯಾಲೆ ಸೋಡಾ. ಸಾವಕಾಶ! ತಿರುವ್ರಿ, ನಿಲ್ಲಿಸಬ್ಯಾಡ್ರಿ."

ಎಣ್ಣೆ ಗಂಜಿಯಂತೆ ದಪ್ಪವಾಗುವವರೆಗೂ ಕೂಗಿ ಕೂಗಿ ಅವಳ ದನಿ ಬಿದ್ದುಹೋಯಿತು.

"ಗಂಟಲ ಒಣಗೇತಿ," ಎಂದಳು. "ನೀರ ಕೊಡ್ರಿ."

ಅವನು ಓಡಿದ ರಭಸಕ್ಕೆ ಅರ್ಧ ನೀರು ದಾರಿಯಲ್ಲೇ ಚೆಲ್ಲಿತು.

ತಳ ತೂತಾದ ನನ್ನನ್ನು ಹಿತ್ತಲಿನ ಒಗೆಯುವ ಕಲ್ಲಿನ ಹಿಂದೆ ಇಟ್ಟರು. ಅದಕ್ಕೆ ನನಗೆ ಬೇಸರವಿಲ್ಲ. ಒಂದು ಲೋಟ ನೀರು ಕುಡಿಸಲು ಒಬ್ಬ ಮನುಷ್ಯ ಪಟ್ಟ ಪಾಡನ್ನು ನಾನು ಕಂಡಿದ್ದೇನೆ.

ಕಸ್ತೂರವ್ವ ಮುಂದಿನ ಮಳೆಗಾಲದವರೆಗೆ ಬದುಕಿದಳು. ಜ್ವರ ಬಂದು ಹೋಗಿಬಿಟ್ಟಳು. ಮಣ್ಣು ಮಾಡಿ ಬಂದ ದುರಗಪ್ಪ ಅವಳ ಹಾಸಿಗೆಯ ಬಟ್ಟೆಯನ್ನು ಆ ಕಲ್ಲಿಗೆ ತಂದು, ಮನೆಯಲ್ಲಿ ಮಾಡಿದ ಸೋಪು ಹಚ್ಚಿ ಒಗೆಯತೊಡಗಿದ. ಒಗೆದದ್ದನ್ನೇ ಮತ್ತೆ ಒಗೆದ.

"ಇನ್ನ ಯಾರ ಸಲುವಾಗಿ ಒಗೀತಿ, ತಮ್ಮಾ?" ಎಂದಳು ಗಿರಿಜವ್ವ.

ಅವನು ಬಟ್ಟೆಯನ್ನು ಅವಳ ಮುಂದೆ ಹಿಡಿದ. "ಇನ್ನೂ ವಾಸನಿ ಐತೇನ, ನೋಡವ್ವಾ."

ಗಿರಿಜವ್ವ ಆ ಒದ್ದೆ ಬಟ್ಟೆಯಲ್ಲಿ ಮುಖವಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

"ಇಲ್ಲೋ ತಮ್ಮಾ," ಎಂದಳು. "ಇಲ್ಲ."