ಶಾಲು ಹೊದ್ದ ಮತಪೆಟ್ಟಿಗೆ

ನಾನೊಂದು ಮತಪೆಟ್ಟಿಗೆ. ಧಾರವಾಡದ ಶಾಲೆಯೊಂದರ ಹಿತ್ತಲಲ್ಲಿ ಮೌನೇಶಪ್ಪ ಬಡಿಗೇರ ನನ್ನನ್ನು ಸಾಗವಾನಿಯಲ್ಲಿ ಮಾಡಿದ. ಮಾಡಿಸಿದವರು ಅಲ್ಲಿನ ಮುಖ್ಯೋಪಾಧ್ಯಾಯಿನಿ ಪ್ರಭಾವತಿ ಮುನವಳ್ಳಿ. ಎಲ್ಲರೂ ಅವರನ್ನು ಅಕ್ಕಾರು ಎನ್ನುತ್ತಿದ್ದರು.

ನನ್ನನ್ನು ಮಾಡಿದ ವಾರವೇ ಹನ್ನೊಂದು ದೇಶಗಳ ಶಿಕ್ಷಕರು, ಕಲಾವಿದರು ಆ ಶಾಲೆಯಲ್ಲಿ ಸೇರಿ ವಿಶ್ವ ವಿದ್ಯಾ ಕಲಾ ಸಂಘವನ್ನು ಕಟ್ಟಿದರು. ದೊಡ್ಡ ದೇಶಕ್ಕೆ ಹೆಚ್ಚು ಮತ ಬೇಕೆಂದು ಒಬ್ಬರು ಹಟ ಹಿಡಿದರು.

"ಮಗ್ಗಿ ಕಲಿಸೂದ್ರಾಗ ದೊಡ್ಡ ದೇಶ, ಸಣ್ಣ ದೇಶ ಅಂತ ಐತೇನ್ರಿ?" ಎಂದರು ಅಕ್ಕಾರು.

ಎಲ್ಲರೂ ನಕ್ಕರು. ದೇಶಕ್ಕೊಂದೇ ಮತ; ಆಡಳಿತ ಮಂಡಳಿಯಲ್ಲಿ ಅರ್ಧದಷ್ಟು ಜನ ಪಾಠ ಹೇಳುವವರೇ ಇರಬೇಕು. ನನ್ನೊಳಗೆ ಬಿದ್ದ ಮೊದಲ ಚೀಟಿಗಳು ಇವನ್ನೇ ಹೇಳಿದವು. ನನಗೆ ಹೆಮ್ಮೆಯಾಗಿತ್ತು.

ಮುಂದೆ ಸಂಘ ಬೆಂಗಳೂರಿಗೆ ಹೋಯಿತು, ನಾನೂ ಹೋದೆ. ಸದಸ್ಯ ದೇಶಗಳು ಮೂವತ್ತೇಳಾದವು. ಸೋಸಲೆ ನಾಗಭೂಷಣ ಅಧ್ಯಕ್ಷರಾದರು, ಆಮೇಲೆ ಕುರ್ಚಿ ಬಿಡಲಿಲ್ಲ. ಶಾಲೆಯ ಮಾತು ಕಡಿಮೆಯಾಗಿ ಹಾರ, ಶಾಲು, ವಿದೇಶ ಪ್ರವಾಸಗಳ ಮಾತು ಹೆಚ್ಚಿತು. ಕೊನೆಗೆ, ಮಂಡಳಿಯಲ್ಲಿ ಶಿಕ್ಷಕರು ಇರಲೇಬೇಕೆಂಬ ನಿಯಮವನ್ನೇ ಕಿತ್ತುಹಾಕುವ ಠರಾವು ಬಂತು.

ಅಂದು ಬೆಳಿಗ್ಗೆ ಸಂಸ್ಥಾಪಕಿ ಎಂದು ಅಕ್ಕಾರಿಗೆ ಶಾಲು ಹೊದಿಸಿದರು. ಆಮೇಲೆ ಮತದಾನ. ಎಲ್ಲರೂ ಊಟಕ್ಕೆ ಎದ್ದಾಗ ನಾಗಭೂಷಣರು ಒಬ್ಬರೇ ಬಂದು ನನ್ನ ಬೀಗ ತೆಗೆದರು. ಜಿಲೇಬಿ ಪಾಕ ಅಂಟಿದ ಬೆರಳು. ಚೀಟಿಗಳನ್ನು ಎಣಿಸಿದರು: ಠರಾವು ಬೇಕು ಎಂದವು ಹದಿನೇಳು, ಬೇಡ ಎಂದವು ಇಪ್ಪತ್ತು. ಜೇಬಿನಿಂದ ನಾಲ್ಕು 'ಬೇಕು' ತೆಗೆದು ಒಳಗೆ ತುರುಕಿದರು. ಥೂ! ನೆಟ್ಟಗೆ ಕದಿಯಲೂ ಬಾರದ ಕೈ.

ಮಧ್ಯಾಹ್ನ ಫಲಿತಾಂಶ ಓದಿದರು: ಇಪ್ಪತ್ತೊಂದಕ್ಕೆ ಇಪ್ಪತ್ತು, ಠರಾವು ಪಾಸು.

ಅಕ್ಕಾರು ಎದ್ದು ನಿಂತರು. "ಹಾಕಿದವ್ರು ಮೂವತ್ತೇಳು ಮಂದಿ. ನಲವತ್ತೊಂದು ಚೀಟಿ ಎಲ್ಲಿಂದ ಬಂದ್ವು?"

"ವಯಸ್ಸಾಯ್ತು ನಿಮ್ಗೆ, ಲೆಕ್ಕ ತಪ್ಪುತ್ತೆ. ಕೂತ್ಕೊಳಿ ಅಮ್ಮಾ," ಎಂದರು ನಾಗಭೂಷಣ.

ಅಕ್ಕಾರು ಸಭೆಯತ್ತ ತಿರುಗಿದರು. "ಬ್ಯಾಡ ಅಂತ ಹಾಕಿದವ್ರು ಒಬ್ರಾದ್ರೂ ಏಳ್ರಿ."

ಯಾರೂ ಏಳಲಿಲ್ಲ. ಒಬ್ಬರು ಕನ್ನಡಕ ಒರೆಸಿಕೊಂಡರು. ಇನ್ನೊಬ್ಬರು ಮುಂದಿನ ಸಮ್ಮೇಳನದ ಪ್ರಯಾಣದ ಪಟ್ಟಿಯಲ್ಲಿ ತಮ್ಮ ಹೆಸರು ಹುಡುಕುತ್ತಿದ್ದರು. ಅಕ್ಕಾರು ಶಾಲು ತೆಗೆದು ನನ್ನ ಮೇಲೆ ಹೊದಿಸಿದರು.

"ಸತ್ತೈತಿ ಇದು. ಮಣ್ಣು ಮಾಡ್ರಿ," ಎಂದು ಹೊರಟೇಹೋದರು. ಮತ್ತೆ ಬರಲಿಲ್ಲ.

ಈಗ ನಾನು ಶೌಚಾಲಯದ ಪಕ್ಕದ ಕೋಣೆಯಲ್ಲಿದ್ದೇನೆ. ಕಸ ಗುಡಿಸುವ ತಿಮ್ಮಕ್ಕ ನನ್ನೊಳಗೆ ಫಿನಾಯಿಲ್ ಬಾಟಲಿ ಇಡುತ್ತಾಳೆ. ಆ ವಾಸನೆಗೆ ನಾನು ಒಗ್ಗಿಹೋಗಿದ್ದೇನೆ. ನಾಗಭೂಷಣರ ಅಂಟು ಬೆರಳನ್ನೂ ಮರೆಯಬಲ್ಲೆ, ಕಳ್ಳನ ಕೆಲಸ ಕಳ್ಳ ಮಾಡಿದ. ಆದರೆ ಕದ್ದುಮುಚ್ಚಿ 'ಬೇಡ' ಎಂದು ಬರೆದು, ಕರೆದಾಗ ಕುರ್ಚಿಗೆ ಅಂಟಿ ಕೂತವರನ್ನು ನೆನೆದರೆ ಇಂದಿಗೂ ನನಗೆ ವಾಕರಿಕೆ ಬರುತ್ತದೆ.